ಉಡಾನ್ ವಿಮಾನ: ಅಗ್ಗದ ಸೀಟು ಹಿಡಿಯುವುದು ಹೇಗೆ, ಊರಿನ ಮಾರ್ಗ ಉಳಿಸಿಕೊಳ್ಳುವುದು ಹೇಗೆ

ಕಲಬುರಗಿ, ಬೀದರ್, ಬೆಳಗಾವಿ, ಹುಬ್ಬಳ್ಳಿ, ಮೈಸೂರು, ಶಿವಮೊಗ್ಗ ಮತ್ತು ತೋರಣಗಲ್ಲಿನ ಜಿಂದಾಲ್ ವಿದ್ಯಾನಗರ, ಇವು ಸಣ್ಣ ಊರುಗಳಿಗೆ ಸಬ್ಸಿಡಿ ನೀಡಿ ಅಗ್ಗದ ವಿಮಾನ ಸೇವೆ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ವಿಮಾನ ಮಾರ್ಗ ಪಡೆದ ಕರ್ನಾಟಕದ ನಿಲ್ದಾಣಗಳು. ಇಲ್ಲಿಂದ ಪ್ರಯಾಣಿಸಲು ಹೊರಟವರನ್ನು ಸಾಮಾನ್ಯವಾಗಿ ಕಾಡುವ ಪ್ರಶ್ನೆಗಳು ಎರಡು. ಜಾಹೀರಾತಿನಲ್ಲಿ ಕಂಡ 2,500 ರೂಪಾಯಿಯ ಟಿಕೆಟ್ ತಮಗೆ ಏಕೆ ಸಿಗುತ್ತಿಲ್ಲ ಎಂಬುದು ಒಂದು, ನಿನ್ನೆ ಮೊನ್ನೆಯವರೆಗೆ ಹಾರುತ್ತಿದ್ದ ವಿಮಾನ ಇದ್ದಕ್ಕಿದ್ದಂತೆ ನಿಂತದ್ದೇಕೆ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಯೋಜನೆಯ ನಿಯಮಗಳಲ್ಲೇ ಇರುವುದರಿಂದ ಟಿಕೆಟ್ ಕಾಯ್ದಿರಿಸುವ ಮೊದಲು ಆ ನಿಯಮಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಸಬ್ಸಿಡಿಯ ಲೆಕ್ಕ ತಿಳಿಯಿರಿ

2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯ ಭಾಗವಾಗಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಈ ಯೋಜನೆ ಪ್ರಕಟವಾಯಿತು. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ನಡುವೆ ಮೊದಲ ವಿಮಾನ ಹಾರಿತು. ಅದೇ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ಸಂಸ್ಥೆ ಮೈಸೂರಿನಿಂದ ಚೆನ್ನೈಗೆ ಸೇವೆ ಆರಂಭಿಸಿತು. ಯಾವ ಮಾರ್ಗದಲ್ಲಿ ಹಾರಬೇಕು ಎಂಬುದನ್ನು ವಿಮಾನ ಸಂಸ್ಥೆಗಳೇ ಪ್ರಸ್ತಾಪಿಸುತ್ತವೆ. ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಹರಾಜು ನಡೆಸಿ, ಅತಿ ಕಡಿಮೆ ನೆರವು ಕೇಳಿದ ಸಂಸ್ಥೆಗೆ ಆ ಮಾರ್ಗವನ್ನು ಮೂರು ವರ್ಷ ವಹಿಸಿಕೊಡುತ್ತದೆ. ಟಿಕೆಟ್ ಮಾರಿ ಬಂದ ಹಣಕ್ಕೂ ವಿಮಾನ ಹಾರಿಸಲು ತಗುಲುವ ವೆಚ್ಚಕ್ಕೂ ನಡುವೆ ಉಳಿಯುವ ಅಂತರವನ್ನು ತುಂಬುವ ಈ ಮೊತ್ತಕ್ಕೆ ಕಡತಗಳಲ್ಲಿ ವಯಾಬಿಲಿಟಿ ಗ್ಯಾಪ್ ಫಂಡಿಂಗ್ ಎಂದೂ, ವಿಮಾನಯಾನ ವಲಯದವರ ಮಾತಿನಲ್ಲಿ ವಿಜಿಎಫ್ ಎಂದೂ ಹೆಸರು. ಈ ಹಣ ಬಹುಪಾಲು ದೇಶದೊಳಗಿನ ಪ್ರಮುಖ ಮಾರ್ಗಗಳ ವಿಮಾನಗಳ ಮೇಲೆ ವಿಧಿಸುವ ಸುಂಕದಿಂದ ಬರುತ್ತದೆ, ನಮ್ಮಂತಹ ರಾಜ್ಯಗಳು ಶೇ 20ರಷ್ಟು ಪಾಲು ಹಾಕುತ್ತವೆ. ಇದರ ಜೊತೆಗೆ ಉಡಾನ್ ನಿಲ್ದಾಣಗಳಲ್ಲಿ ವಿಮಾನ ಇಂಧನದ ಮೇಲಿನ ಮೌಲ್ಯವರ್ಧಿತ ತೆರಿಗೆಯನ್ನು ಶೇ 1ಕ್ಕೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿಸುವುದು, ಭದ್ರತೆ ಮತ್ತು ಅಗ್ನಿಶಾಮಕ ಸೇವೆಯನ್ನು ಉಚಿತವಾಗಿ ಒದಗಿಸುವುದು ರಾಜ್ಯದ ಹೊಣೆ.

ಪ್ರಯಾಣಿಕರು ಮುಖ್ಯವಾಗಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ದರದ ಮಿತಿ ವಿಮಾನದ ಎಲ್ಲ ಸೀಟುಗಳಿಗೂ ಅನ್ವಯಿಸುವುದಿಲ್ಲ. ಯೋಜನೆಯ ಮೂಲ ನಿಯಮದ ಪ್ರಕಾರ ಅರ್ಧದಷ್ಟು ಸೀಟುಗಳು ಮಾತ್ರ ಮಿತಿ ದರದವು, ಅವುಗಳ ಸಂಖ್ಯೆಯೂ ಕನಿಷ್ಠ 9, ಗರಿಷ್ಠ 40. ಅಂದರೆ ಸ್ಟಾರ್ ಏರ್ ಆರಂಭದಿಂದ ಬಳಸಿದ 50 ಸೀಟುಗಳ ಎಂಬ್ರೇಯರ್ ವಿಮಾನದಲ್ಲಿ 25 ಸೀಟುಗಳಿಗೆ ಮಾತ್ರ ಸಬ್ಸಿಡಿ ದರ ಅನ್ವಯವಾಗುತ್ತದೆ, ಉಳಿದ 25 ಸೀಟುಗಳನ್ನು ಸಂಸ್ಥೆ ಮಾರುಕಟ್ಟೆ ದರಕ್ಕೆ ಮಾರಬಹುದು. ಸುಮಾರು 500 ಕಿ.ಮೀ. ದೂರದ, ಒಂದು ಗಂಟೆಯ ಹಾರಾಟಕ್ಕೆ ಆರಂಭದಲ್ಲಿ ನಿಗದಿಯಾದ ಮಿತಿಯೇ ಆ ಪ್ರಸಿದ್ಧ 2,500 ರೂಪಾಯಿ. ದೂರ ಕಡಿಮೆಯಿದ್ದರೆ ಮಿತಿಯೂ ಕಡಿಮೆ, ದೂರ ಹೆಚ್ಚಿದ್ದರೆ ಮಿತಿಯೂ ಹೆಚ್ಚು, ಬೆಲೆ ಏರಿಕೆಗೆ ತಕ್ಕಂತೆ ಕಾಲಕಾಲಕ್ಕೆ ಪರಿಷ್ಕರಣೆಯೂ ಆಗುತ್ತದೆ. ಹಾಗಾಗಿ ಇಂದು 2,500 ರೂಪಾಯಿಗೇ ಟಿಕೆಟ್ ಸಿಗಬೇಕೆಂದು ಕೌಂಟರ್‌ನಲ್ಲಿ ವಾದಿಸುವುದರಿಂದ ಪ್ರಯೋಜನವಿಲ್ಲ.

ಟಿಕೆಟ್ ಕಾಯ್ದಿರಿಸುವ ಕ್ರಮ

ಉಡಾನ್ ಸೀಟಿಗೆ ಆದಾಯ ಪ್ರಮಾಣಪತ್ರವಾಗಲಿ, ಪಡಿತರ ಚೀಟಿಯಾಗಲಿ, ಪ್ರತ್ಯೇಕ ಅರ್ಜಿಯಾಗಲಿ ಬೇಕಿಲ್ಲ. ಯಾರು ಮೊದಲು ಕಾಯ್ದಿರಿಸುತ್ತಾರೋ ಅವರಿಗೆ ಆ ಸೀಟು. ಸರ್ಕಾರಿ ಸಬ್ಸಿಡಿಯೆಂದರೆ ಫಲಾನುಭವಿಗಳ ಪಟ್ಟಿ ಇರಲೇಬೇಕೆಂದು ಭಾವಿಸಿ ಅನೇಕರು ಹಿಂಜರಿಯುತ್ತಾರೆ, ಅಥವಾ ಮಧ್ಯವರ್ತಿಗಳಿಗೆ ಹಣ ಕೊಡುತ್ತಾರೆ. ಎರಡೂ ಅನಗತ್ಯ. ವಿಮಾನ ಸಂಸ್ಥೆಯ ಸ್ವಂತ ಜಾಲತಾಣವನ್ನೇ ಮೊದಲು ತೆರೆದು ನೋಡಿ. ಅಲ್ಲಿನ ದರವನ್ನು ಇತರ ಆ್ಯಪ್‌ಗಳ ದರದೊಂದಿಗೆ ಹೋಲಿಸುವಾಗ ಅನುಕೂಲ ಶುಲ್ಕ, ಸೀಟು ಆಯ್ಕೆಯ ಶುಲ್ಕ, ವಿಮೆ ಮುಂತಾದವು ತಾವಾಗಿಯೇ ಸೇರಿಕೊಂಡಿವೆಯೇ ಎಂದು ಪರಿಶೀಲಿಸಿ, ಬೇಡವಾದವನ್ನು ತೆಗೆದುಹಾಕಿ.

ಪ್ರಯಾಣದ ದಿನ ಖಚಿತವಾದ ಕೂಡಲೇ ಕಾಯ್ದಿರಿಸುವುದೇ ಕಡಿಮೆ ದರ ಪಡೆಯುವ ನಿಜವಾದ ದಾರಿ. ಸಣ್ಣ ಊರುಗಳ ಮಾರ್ಗಗಳಲ್ಲಿ ವಾರಕ್ಕೆ ಕೆಲವೇ ದಿನ ಹಾರಾಟವಿರುವುದು ಸಾಮಾನ್ಯ. ಆದ್ದರಿಂದ ವಾರದ ಯಾವ ದಿನಗಳಂದು ವಿಮಾನವಿದೆ ಎಂಬುದನ್ನು ಮೊದಲು ನೋಡಿಕೊಂಡು, ಆಸ್ಪತ್ರೆಯ ಭೇಟಿಯನ್ನೋ ಕಚೇರಿಯ ಕೆಲಸವನ್ನೋ ಅದಕ್ಕೆ ಹೊಂದಿಸಿಕೊಳ್ಳುವುದು ಜಾಣತನ. ಟಿಕೆಟ್‌ನಲ್ಲಿನ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ. ಊರಿನ ಹೆಸರನ್ನು ಹಳೆಯ ಕಾಗುಣಿತದಲ್ಲಿ ಹುಡುಕಬೇಕಾಗಿ ಬಂದರೆ ನಿಲ್ದಾಣದ ಸಂಕೇತಾಕ್ಷರ ನೆರವಾಗುತ್ತದೆ. ಕಲಬುರಗಿಗೆ ಜಿಬಿಐ, ಬೀದರ್‌ಗೆ ಐಎಕ್ಸ್‌ಎಕ್ಸ್, ಬೆಳಗಾವಿಗೆ ಐಎಕ್ಸ್‌ಜಿ, ಹುಬ್ಬಳ್ಳಿಗೆ ಎಚ್‌ಬಿಎಕ್ಸ್, ಮೈಸೂರಿಗೆ ಎಂವೈಕ್ಯೂ.

ಬೆಂಗಳೂರು ಅಥವಾ ಹೈದರಾಬಾದ್‌ನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವವರು ಹೆಚ್ಚು ಎಚ್ಚರ ವಹಿಸಬೇಕು. ಎರಡು ಹಾರಾಟಗಳು ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮೊದಲನೆಯದು ತಡವಾದಾಗ ಮುಂದಿನ ವ್ಯವಸ್ಥೆ ಸಂಸ್ಥೆಯ ಹೊಣೆಯಾಗುತ್ತದೆ. ಬೇರೆ ಬೇರೆ ಸಂಸ್ಥೆಗಳ ಪ್ರತ್ಯೇಕ ಟಿಕೆಟ್‌ಗಳಾದರೆ ಎರಡನೆಯ ಸಂಸ್ಥೆಗೆ ನಿಮ್ಮ ವಿಳಂಬದ ಹಂಗಿಲ್ಲ, ಸಾಮಾನುಗಳನ್ನೂ ನೀವೇ ಪಡೆದು ಮತ್ತೆ ಒಪ್ಪಿಸಬೇಕು. ಪ್ರತ್ಯೇಕ ಟಿಕೆಟ್ ಕೊಳ್ಳುವುದು ಅನಿವಾರ್ಯವಾದರೆ ನಡುವೆ ಕನಿಷ್ಠ ನಾಲ್ಕು ಗಂಟೆ ಇಟ್ಟುಕೊಳ್ಳುವಂತೆ, ವಿದೇಶ ಪ್ರಯಾಣವಾದರೆ ಹಿಂದಿನ ದಿನವೇ ತಲುಪುವಂತೆ ನಾನು ಹೇಳುತ್ತೇನೆ. ಮಂಜು ಅಥವಾ ಮಳೆಯಲ್ಲಿ ಸಣ್ಣ ನಿಲ್ದಾಣಗಳ ಹಾರಾಟ ಏರುಪೇರಾಗುವುದು ಅಪರೂಪವಲ್ಲ.

ವಿಮಾನ ರದ್ದಾದರೆ

ಅಗ್ಗದ ಸೀಟಿನವರಿಗೆ ಹಕ್ಕುಗಳೂ ಕಡಿಮೆ ಎಂಬುದು ತಪ್ಪು ಕಲ್ಪನೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ, ಹಾರಾಟ ರದ್ದಾದಾಗ ಬದಲಿ ವಿಮಾನ ಅಥವಾ ಪೂರ್ಣ ಹಣ ವಾಪಸಾತಿ, ಇವೆರಡರಲ್ಲಿ ಒಂದನ್ನು ಪ್ರಯಾಣಿಕರು ಕೇಳಬಹುದು. ಸಂಸ್ಥೆ ಸಕಾಲದಲ್ಲಿ ತಿಳಿಸದೆ ರದ್ದು ಮಾಡಿದರೆ ಪರಿಹಾರವೂ ಸಲ್ಲಬೇಕು. ಒಂದು ಗಂಟೆಯವರೆಗಿನ ಹಾರಾಟಕ್ಕೆ ಅದು 5,000 ರೂಪಾಯಿ ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು. ಹವಾಮಾನದಂತಹ ಸಂಸ್ಥೆಯ ಕೈಮೀರಿದ ಕಾರಣಗಳಿದ್ದರೆ ಪರಿಹಾರ ಸಿಗುವುದಿಲ್ಲ, ಆಗಲೂ ಟಿಕೆಟ್ ಹಣದ ಮೇಲಿನ ಹಕ್ಕು ಹೋಗುವುದಿಲ್ಲ. ರದ್ದತಿಯ ಸಂದೇಶವನ್ನು ಅಳಿಸದೆ ಉಳಿಸಿಕೊಳ್ಳಿ, ಮೊದಲು ಸಂಸ್ಥೆಗೆ ಲಿಖಿತ ದೂರು ಕೊಡಿ, ಸ್ಪಂದಿಸದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದಾಖಲಿಸಿ.

ಮೂರು ವರ್ಷ ಮುಗಿಯುವ ಮೊದಲೇ

ಟಿಕೆಟ್ ಪಡೆಯುವುದಕ್ಕಿಂತ ಕಷ್ಟದ ಕೆಲಸ ಮಾರ್ಗವನ್ನು ಉಳಿಸಿಕೊಳ್ಳುವುದು. ಮಹಾಲೇಖಪಾಲರ 2023ರ ವರದಿ ಈ ವಿಷಯದಲ್ಲಿ ಕಣ್ತೆರೆಸುವಂತಿದೆ. ಹರಾಜಿನ ಮೊದಲ ಮೂರು ಸುತ್ತುಗಳಲ್ಲಿ ಮಂಜೂರಾದ 774 ಮಾರ್ಗಗಳ ಪೈಕಿ ಹಾರಾಟ ಆರಂಭವಾದದ್ದು 371ರಲ್ಲಿ. ಅವುಗಳಲ್ಲಿ ಮೂರು ವರ್ಷ ಪೂರೈಸಿದವು 112. ಸಬ್ಸಿಡಿ ಮುಗಿದ ನಂತರವೂ 2023ರ ಮಾರ್ಚ್‌ವರೆಗೆ ಮುಂದುವರಿದವು ಕೇವಲ 54. ನೆರವು ನಿಂತ ದಿನ ವಿಮಾನವೂ ನಿಲ್ಲುವುದು ಅಪವಾದವಲ್ಲ, ಅದೇ ಸಾಮಾನ್ಯ ಅನುಭವ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಬೀದರ್‌ನ ಕಥೆಯನ್ನೇ ನೋಡಿ. ವಾಯುಪಡೆಯ ರನ್‌ವೇ ಬಳಸುವ ಈ ನಿಲ್ದಾಣದಿಂದ 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ಹಾರಾಟ ಆರಂಭವಾಯಿತು. ಮಾರ್ಗ ನಡೆಸುತ್ತಿದ್ದ ಟ್ರೂಜೆಟ್ 2022ರಲ್ಲಿ ಸೇವೆಯನ್ನೇ ನಿಲ್ಲಿಸಿತು. ಬಳಿಕ ಸ್ಟಾರ್ ಏರ್ ಬಂದು, ಅದೂ ನಿಂತು, ಒಂದು ವರ್ಷಕ್ಕೂ ಹೆಚ್ಚು ಕಾಲ ಊರು ವಿಮಾನವಿಲ್ಲದೆ ಉಳಿಯಿತು. ರಾಜ್ಯ ಸರ್ಕಾರ ನೆರವಿಗೆ ಮುಂದಾದ ಮೇಲೆ 2025ರ ಏಪ್ರಿಲ್‌ನಲ್ಲಿ ಸೇವೆ ಮರಳಿತು. ರಾಜ್ಯಗಳು ತಮ್ಮ ಬೊಕ್ಕಸದಿಂದಲೇ ಇಂಥ ನೆರವು ಕೊಡಬಹುದು ಎಂಬುದಕ್ಕೆ ಇದು ನಿದರ್ಶನ. ರಾಜಧಾನಿಗೆ ರೈಲಿನಲ್ಲಿ ಇಡೀ ರಾತ್ರಿ ಸವೆಸಬೇಕಾದ ಜಿಲ್ಲೆಗೆ ಈ ಖರ್ಚು ನ್ಯಾಯವಾದದ್ದೇ ಎಂಬುದು ನನ್ನ ನಂಬಿಕೆ. ಆದರೆ ಊರಿನವರು ಕೇಳದೆ ಅದು ಬರುವುದಿಲ್ಲ.

ಕೇಳುವುದಕ್ಕೂ ಒಂದು ಕ್ರಮವಿದೆ. ಸಾಮಾನ್ಯವಾಗಿ ಮನವಿಪತ್ರಗಳು ವಿಮಾನ ನಿಂತ ಮೇಲೆ ಹೊರಡುತ್ತವೆ, ಅಷ್ಟರಲ್ಲಿ ಸಂಸ್ಥೆ ಆ ವಿಮಾನವನ್ನು ಬೇರೆ ಊರಿಗೆ ಹಾಕಿರುತ್ತದೆ. ಹಾರಾಟದ ಎರಡನೆಯ ವರ್ಷದಲ್ಲೇ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ, ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯ, ಕಾರ್ಖಾನೆಗಳನ್ನು ಒಟ್ಟುಗೂಡಿಸಿ, ಪ್ರತಿ ತಿಂಗಳು ಎಷ್ಟು ಜನರನ್ನು ಯಾವ ಊರಿಗೆ ಯಾವ ಹೊತ್ತಿನಲ್ಲಿ ಕಳುಹಿಸುತ್ತೀರಿ ಎಂಬ ಲೆಕ್ಕ ಸಂಗ್ರಹಿಸಬೇಕು. ಬೇಡಿಕೆ ಇದೆ ಎಂಬ ಮಾತಿಗಿಂತ, ನಮ್ಮ ಸಂಸ್ಥೆ ತಿಂಗಳಿಗೆ ಇಷ್ಟು ಸೀಟು ಕೊಳ್ಳುತ್ತದೆ ಎಂಬ ಲಿಖಿತ ಭರವಸೆ ವಿಮಾನ ಸಂಸ್ಥೆಗೆ ಹೆಚ್ಚು ಅರ್ಥಪೂರ್ಣ. ವೇಳಾಪಟ್ಟಿಯನ್ನೂ ಬಿಡಬಾರದು. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಮರಳಲು ಬಾರದ ವಿಮಾನ, ದರ ಎಷ್ಟೇ ಕಡಿಮೆ ಇದ್ದರೂ ವ್ಯಾಪಾರಿಗಳಿಗೂ ರೋಗಿಗಳಿಗೂ ಅಷ್ಟಾಗಿ ಒದಗುವುದಿಲ್ಲ.

ಈ ಲೆಕ್ಕವನ್ನು ಮೂರು ಕಡೆಗೆ ಕಳುಹಿಸಿ. ಮೊದಲನೆಯದು ವಿಮಾನ ಸಂಸ್ಥೆಯ ಮಾರ್ಗ ಯೋಜನಾ ವಿಭಾಗ. ಎರಡನೆಯದು ರಾಜ್ಯದ ಮೂಲಸೌಕರ್ಯ ಅಭಿವೃದ್ಧಿ ಇಲಾಖೆ. ಮೂರನೆಯದು, ವಿಮಾನ ನಿಲ್ದಾಣಗಳ ಪ್ರಾಧಿಕಾರ ನಡೆಸುವ ನಿಲ್ದಾಣಗಳಲ್ಲಿ ಸ್ಥಳೀಯ ಸಂಸದರ ಅಧ್ಯಕ್ಷತೆಯಲ್ಲಿರುವ ವಿಮಾನ ನಿಲ್ದಾಣ ಸಲಹಾ ಸಮಿತಿ. ಈ ಸಮಿತಿಯ ಸಭೆ ಯಾವಾಗ ಎಂದು ನಿಲ್ದಾಣದ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ, ವಿಷಯವನ್ನು ಮುಂಚಿತವಾಗಿ ಕಾರ್ಯಸೂಚಿಗೆ ಸೇರಿಸುವಂತೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಪತ್ರದಲ್ಲಿ ಮಾರ್ಗದ ಮೂರು ವರ್ಷದ ಅವಧಿ ಮುಗಿಯುವ ದಿನಾಂಕವನ್ನು ಮೊದಲ ಸಾಲಿನಲ್ಲೇ ನಮೂದಿಸಿ.