ಆಪ್ ಡಿಲೀಟ್ ಮಾಡಿದರೂ ದುಡ್ಡು ಕಟ್ ಆಗ್ತಿದೆಯಾ? ಹೀಗೆ ಮಾಡಿ

ಹಾಸನದಲ್ಲಿ ನನ್ನದೊಂದು ಚಿಕ್ಕ ಮೊಬೈಲ್ ಅಂಗಡಿ. ರೀಚಾರ್ಜ್, ಡಿಸ್‌ಪ್ಲೇ, ಚಾರ್ಜರ್, ಇಷ್ಟೇ ವ್ಯಾಪಾರ. ಈಚೆಗೆ ಮಾತ್ರ ಜಾಸ್ತಿ ಜನ ಬರುವುದು ಬೇರೆ ದೂರು ಹಿಡಿದುಕೊಂಡು. "ಅಣ್ಣ, ತಿಂಗಳು ತಿಂಗಳು 199 ಹೋಗ್ತಿದೆ. ಆ ಆಪ್ ಅವತ್ತೇ ಡಿಲೀಟ್ ಮಾಡಿದೀನಿ!"

ಡಿಲೀಟ್ ಮಾಡಿದರೆ ಏನೂ ನಿಲ್ಲುವುದಿಲ್ಲ. ಒಂದು ರೂಪಾಯಿಗೆ ವಾರವಿಡೀ ಸೀರಿಯಲ್ ಅಂತ ತೋರಿಸಿದಾಗ ಪಿನ್ ಒತ್ತಿದಿರಲ್ಲ, ಅಲ್ಲೇ ಆಟೋಪೇಗೂ, ಅಂದರೆ ಪ್ರತಿ ಸಲ ತಾನಾಗಿ ದುಡ್ಡು ಕಟ್ ಆಗುವುದಕ್ಕೂ, ಒಪ್ಪಿಗೆ ಕೊಟ್ಟಾಯ್ತು. ಆ ಒಪ್ಪಿಗೆ ಕೂತಿರುವುದು ನಿಮ್ಮ ಯುಪಿಐನಲ್ಲಿ. 15,000 ರೂಪಾಯಿವರೆಗೆ ಮತ್ತೆ ಪಿನ್ ಕೇಳುವುದೂ ಇಲ್ಲ.

ಹಾಗಾಗಿ ಮೊದಲು ಫೋನ್‌ಪೇ, ಗೂಗಲ್ ಪೇ, ಯಾವುದು ಬಳಸುತ್ತೀರೋ ಅದನ್ನು ತೆರೆಯಿರಿ. ಮೇಲಿರುವ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಆಟೋಪೇ ಅಂತ ಹುಡುಕಿ. ಒಳಗೆ ಪಟ್ಟಿ ಇರುತ್ತದೆ. ಆಪ್‌ನ ಹೆಸರೇ ಅಲ್ಲಿ ಇರಬೇಕೆಂದೇನಿಲ್ಲ. ಎಷ್ಟೋ ಸಲ ಅದನ್ನು ನಡೆಸುವ ಕಂಪನಿಯ ಹೆಸರಿರುತ್ತದೆ, ಕೇಳಿಯೇ ಇರುವುದಿಲ್ಲ. ಮೊತ್ತ, ಕಟ್ ಆದ ತಾರೀಖು ತಾಳೆ ನೋಡಿ. ಸಿಕ್ಕಿತಾ? ಒಂದು ಸ್ಕ್ರೀನ್‌ಶಾಟ್ ತೆಗೆದುಕೊಂಡು ಕ್ಯಾನ್ಸಲ್ ಒತ್ತಿ, ಪಿನ್ ಹಾಕಿ. ಪಾಝ್ (Pause) ಅಂತಲೂ ಇರುತ್ತದೆ, ಅದು ಬೇಡ. ಅದು ಬರೀ ಸ್ವಲ್ಪ ದಿನ ತಡೆಯುವುದು ಅಷ್ಟೇ. ಎರಡು ಮೂರು ಯುಪಿಐ ಆಪ್ ಇದ್ದರೆ ಎಲ್ಲದರಲ್ಲೂ ನೋಡಿಬಿಡಿ.

ಪ್ಲೇ ಸ್ಟೋರ್ ಮೂಲಕ ತೆಗೆದುಕೊಂಡಿದ್ದರೆ ಅಲ್ಲಿನ ಪ್ರೊಫೈಲ್‌ನಲ್ಲಿ ಸಬ್‌ಸ್ಕ್ರಿಪ್ಷನ್ಸ್ ನೋಡಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಹೆಸರು ಒತ್ತಿದರೆ ಸಿಗುತ್ತದೆ. ಕಾರ್ಡ್ ಕೊಟ್ಟಿದ್ದರೆ ಬ್ಯಾಂಕನ್ನೇ ಕೇಳಿ.

ಕೆಲವು ಆಪ್‌ಗಳ ಕ್ಯಾನ್ಸಲ್ ಪರದೆ ನೋಡಬೇಕು ನೀವು. "ಇರುತ್ತೇನೆ" ಅನ್ನುವುದು ದಪ್ಪ ಹಸಿರು ಬಟನ್. "ಬಿಡುತ್ತೇನೆ" ಅನ್ನುವುದು ಕೆಳಗೆಲ್ಲೋ ಬೂದು ಬಣ್ಣದ ಸಣ್ಣ ಅಕ್ಷರ. ಅದನ್ನೂ ಒತ್ತಿದರೆ ಯಾಕೆ ಬಿಡ್ತೀರಿ ಅಂತ ಪ್ರಶ್ನೆ, ಆಮೇಲೆ ಅರ್ಧ ಬೆಲೆಯ ಆಫರ್. ಕೊನೆಯ ಪರದೆ ಬರುವ ಮೊದಲೇ ಸುಮಾರು ಜನ ಮುಗೀತು ಅಂತ ಫೋನ್ ಜೇಬಿಗೆ ಹಾಕುತ್ತಾರೆ. ಇದೇನು ಅಪ್ಪಿತಪ್ಪಿ ಆದ ವಿನ್ಯಾಸ ಅಲ್ಲ, ಬೇಕಂತಲೇ ಮಾಡಿದ್ದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಯ ಆಟಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿದೆ. ಚಂದಾ ನಿಲ್ಲಿಸಲು ಗೋಳಾಡಿಸುವುದು ಅದರಲ್ಲಿದೆ. ಆನ್‌ಲೈನ್ ಖರೀದಿಯ ಬುಟ್ಟಿಗೆ ಕೇಳದೆ ವಿಮೆ, ದೇಣಿಗೆ ಸೇರಿಸುವುದೂ ಇದೆ.

ಮುಂದಿನ ಸಲ ಪಿನ್ ಒತ್ತುವ ಮೊದಲು ಆ ಪರದೆಯಲ್ಲಿ ಮೂರು ಸಾಲು ಓದಿ. ಗರಿಷ್ಠ ಎಷ್ಟು, ಎಷ್ಟು ದಿನಕ್ಕೊಮ್ಮೆ, ಯಾವ ತಾರೀಖಿನವರೆಗೆ. ದಪ್ಪಕ್ಷರದಲ್ಲಿ ಒಂದು ರೂಪಾಯಿ ಇದ್ದು, ಕೆಳಗೆ ಗರಿಷ್ಠ ಅಂತ ಸಾವಿರಾರು ರೂಪಾಯಿ ಇದ್ದರೆ ಹಿಂದೆ ಬಂದುಬಿಡಿ. ದುಡ್ಡು ಕಟ್ ಆಗುವ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕೆಂಬುದು ರಿಸರ್ವ್ ಬ್ಯಾಂಕ್ ನಿಯಮ. ಬರುತ್ತದೆ ಕೂಡ, ಲೋನ್ ಬೇಕಾ ಅನ್ನುವ ಮೆಸೇಜುಗಳ ನಡುವೆ ಯಾರು ನೋಡ್ತಾರೆ ಅಲ್ವಾ?

ಹೋದ ದುಡ್ಡು ವಾಪಸ್ ಬೇಕಾದರೆ ಮೊದಲು ಕಂಪನಿಗೆ ಇಮೇಲ್ ಮಾಡಿ. ಫೋನ್ ಮಾಡಿದರೆ ಬರಹದ ಗುರುತು ಉಳಿಯುವುದಿಲ್ಲ. ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ವಹಿವಾಟಿನ ಯುಟಿಆರ್ ಸಂಖ್ಯೆ (ಪ್ರತಿ ಪಾವತಿಗೂ ಇರುವ ಗುರುತಿನ ಸಂಖ್ಯೆ), ತಾರೀಖು, ಆ ಸ್ಕ್ರೀನ್‌ಶಾಟ್, ಇಮೇಲ್ ಕೈಯಲ್ಲಿರಲಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೇ ಬೇಕೆಂದೂ ಇಲ್ಲ.