‘ಅಕಾರ್ಡಿಂಗ್ ಟು ಮಿ’ ಬಿಡಿ: ಇಂಗ್ಲಿಷಿನಲ್ಲಿ ಅಭಿಪ್ರಾಯ ಬರೆಯುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಪಡೆಯುತ್ತ ಪ್ರಬಂಧ ಬರೆಯುವವರಿರಲಿ, ಹುಬ್ಬಳ್ಳಿಯ ಆಫೀಸಿನಿಂದ ಮೇಲಧಿಕಾರಿಗೆ ಇ-ಮೇಲ್ ಕಳಿಸುವವರಿರಲಿ, ಅಭಿಪ್ರಾಯ ಹೇಳುವ ಜಾಗ ಬಂದರೆ ಹಲವರ ಕೈ ‘ಅಕಾರ್ಡಿಂಗ್ ಟು ಮಿ’ ಎಂದೇ ಶುರುಮಾಡುತ್ತದೆ. ‘ನನ್ನ ಪ್ರಕಾರ’ ಎಂಬುದನ್ನು ಹಾಗೇ ಇಂಗ್ಲಿಷಿಗೆ ಇಳಿಸಿದ ರೂಪವಿದು. ‘ಅಕಾರ್ಡಿಂಗ್ ಟು’ ಇರುವುದು ಬೇರೆಯವರ ಮಾತು ಅಥವಾ ವರದಿಯನ್ನು ಉಲ್ಲೇಖಿಸಲು. ಸ್ವಂತ ಮಾತಿಗೆ ‘ಇನ್ ಮೈ ಒಪಿನಿಯನ್’ ಅಥವಾ ‘ಇನ್ ಮೈ ವ್ಯೂ’ ಬರೆಯಿರಿ. ‘ಆ್ಯಸ್ ಪರ್ ಮೈ ಒಪಿನಿಯನ್’ ಕೂಡ ಬೇಡ.

ಎರಡನೆಯದು ಕ್ರಿಯಾಪದ. ಅಭಿಪ್ರಾಯಕ್ಕೆ ‘ಐ ಆ್ಯಮ್ ಥಿಂಕಿಂಗ್’ ಅಲ್ಲ, ‘ಐ ಥಿಂಕ್’. ‘ಐ ಆ್ಯಮ್ ಅಗ್ರೀ’ ಅಲ್ಲ, ‘ಐ ಅಗ್ರೀ’. ‘ಐ ಫೀಲ್’ ಮಾತಿನಲ್ಲಿ ನಡೆಯುತ್ತದೆ. ಔಪಚಾರಿಕ ಪತ್ರಕ್ಕೆ ‘ಐ ಬಿಲೀವ್’ ಹೆಚ್ಚು ಹೊಂದುತ್ತದೆ. ‘ಇನ್ ಮೈ ಒಪಿನಿಯನ್, ಐ ಥಿಂಕ್’ ಎಂದು ಎರಡನ್ನೂ ಜೋಡಿಸಿದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತೆ. ನಕಾರ ಎಲ್ಲಿ ಬರಬೇಕು ಎಂಬುದನ್ನೂ ಗಮನಿಸಿ: ‘ಐ ಥಿಂಕ್ ದಿಸ್ ಈಸ್ ನಾಟ್ ಕರೆಕ್ಟ್’ ತಪ್ಪಲ್ಲ, ಆದರೆ ಇಂಗ್ಲಿಷಿಗೆ ಸಹಜವಾದದ್ದು ‘ಐ ಡು ನಾಟ್ ಥಿಂಕ್ ದಿಸ್ ಈಸ್ ಕರೆಕ್ಟ್’.

ಇಷ್ಟು ಸರಿಯಾದರೂ ಬರಹ ಸೋಲುವುದು ಸಾಮಾನ್ಯವಾಗಿ ಅಳತೆ ತಪ್ಪಿದಾಗ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ‘ಚಿಗರಿ’ ಬಸ್ ಬಗೆಗಿನ ಈ ವಾಕ್ಯ ನೋಡಿ: ‘ಅಕಾರ್ಡಿಂಗ್ ಟು ಮಿ, ಚಿಗರಿ ಬಸ್ ಈಸ್ ವೆರಿ ಗುಡ್ ಆ್ಯಂಡ್ ಆಲ್ ಪೀಪಲ್ ಆರ್ ಲೈಕಿಂಗ್ ಇಟ್.’ ಎಲ್ಲರಿಗೂ ಇಷ್ಟವೆಂದು ಹೇಳಲು ಆಧಾರವೆಲ್ಲಿದೆ? ‘ವೆರಿ ಗುಡ್’ ಎಂದರೆ ಯಾವುದರಲ್ಲಿ? ಮೊದಲು ‘ಆಲ್’ ತೆಗೆದು ‘ಮೆನಿ’ ಹಾಕಿ. ಆಮೇಲೆ ‘ಗುಡ್’ ಬದಲು ಆದ ಪ್ರಯೋಜನವನ್ನೇ ಬರೆಯಿರಿ. ಕೊನೆಗೆ ‘ಬಿಕಾಸ್’ ಹಾಕಿ ಕಾರಣ ಕೊಡಿ: ‘ಇನ್ ಮೈ ವ್ಯೂ, ದ ಚಿಗರಿ ಸರ್ವೀಸ್ ಹ್ಯಾಸ್ ಮೇಡ್ ಟ್ರಾವೆಲ್ ಈಸಿಯರ್ ಫಾರ್ ಮೆನಿ ಸ್ಟೂಡೆಂಟ್ಸ್, ಬಿಕಾಸ್ ದ ಬಸಸ್ ರನ್ ಇನ್ ಎ ಸೆಪರೇಟ್ ಲೇನ್ ಫಾರ್ ಮಚ್ ಆಫ್ ದ ರೂಟ್.’ ‘ಫಾರ್ ಮಚ್ ಆಫ್ ದ ರೂಟ್’ ಎಂಬ ತುಣುಕು ಮುಖ್ಯ. ಅದಿಲ್ಲದಿದ್ದರೆ ಹುಬ್ಬಳ್ಳಿಯಿಂದ ಧಾರವಾಡದವರೆಗೆ ಎಲ್ಲೆಡೆ ಪ್ರತ್ಯೇಕ ಪಥವಿದೆ ಎಂಬ ತಪ್ಪು ಅರ್ಥ ಬರುತ್ತದೆ. ಮುಂದೆ ಆಗಬಹುದಾದದ್ದಕ್ಕೆ ‘ವಿಲ್’ ಬದಲು ‘ಮೇ’ ಅಥವಾ ‘ಈಸ್ ಲೈಕ್ಲಿ ಟು’ ಬಳಸಿ. ಆದರೆ ಪ್ರತಿ ವಾಕ್ಯಕ್ಕೂ ‘ಮೇ’ ಹಚ್ಚಿದರೆ ಬರೆದವರಿಗೇ ನಂಬಿಕೆಯಿಲ್ಲವೆನಿಸುತ್ತದೆ.

ಮೇಲಧಿಕಾರಿಯ ಮಾತು ಒಪ್ಪಿಗೆಯಾಗದಿದ್ದರೆ ‘ಯು ಆರ್ ರಾಂಗ್’ ಬೇಡ. ‘ಐ ಅಂಡರ್‌ಸ್ಟ್ಯಾಂಡ್ ದ ನೀಡ್ ಫಾರ್ ದಿಸ್. ಹೌಎವರ್, ...’ ಎಂದು ಆರಂಭಿಸಿ, ತಕ್ಷಣ ಕಾರಣ ಕೊಡಿ. ಸಲಹೆಗೆ ‘ಐ ಸಜೆಸ್ಟ್ ಯು ಟು’ ತಪ್ಪು. ‘ಐ ಸಜೆಸ್ಟ್ ದ್ಯಾಟ್ ವಿ ಪೋಸ್ಟ್‌ಪೋನ್ ದ ಮೀಟಿಂಗ್’ ಸರಿ.

ಐಇಎಲ್‌ಟಿಎಸ್ (ವಿದೇಶದಲ್ಲಿ ಓದಲು, ಕೆಲಸ ಮಾಡಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) ಬರವಣಿಗೆಯ ಎರಡನೇ ಪ್ರಶ್ನೆಗೆ ಕನಿಷ್ಠ 250 ಪದ ಬೇಕು, ಅದಕ್ಕೆ ಸುಮಾರು 40 ನಿಮಿಷ. ಅಭಿಪ್ರಾಯ ಕೇಳಿದ್ದರೆ ನಿಮ್ಮ ನಿಲುವನ್ನು ಪೀಠಿಕೆಯಲ್ಲೇ ಸ್ಪಷ್ಟವಾಗಿ ಹೇಳಿ, ಕೊನೆಯಲ್ಲಿ ಬೇರೆ ಪದಗಳಲ್ಲಿ ಇನ್ನೊಮ್ಮೆ ಹೇಳಿ. ನಡುವಿನ ಪ್ಯಾರಾಗಳಲ್ಲಿ ‘ಐ ಥಿಂಕ್’ ಕಂಡಲ್ಲೆಲ್ಲ ಹೊಡೆದುಹಾಕಿ ಓದಿ ನೋಡಿ. ವಾಕ್ಯ ಆಗಲೂ ನಿಂತರೆ ಅದನ್ನು ಮತ್ತೆ ಸೇರಿಸಬೇಡಿ.