ಚಮಚ ಓರೆ ಮಾಡಿದರೆ ಸುರಿಯಬಾರದು: ತಾಯಂದಿರಿಗೆ ಮಗುವಿನ ಊಟ ಕಲಿಸುವ ಬಗೆ

ಗೋಡೆಗೆ ಹಣ್ಣು ತರಕಾರಿಯ ಚಾರ್ಟ್ ನೇತುಹಾಕಿ, ‘ಪೌಷ್ಟಿಕ ಆಹಾರ ಕೊಡಿ’ ಎಂದು ಮುಕ್ಕಾಲು ಗಂಟೆ ಹೇಳಿ, ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರೆ ತಾಯಂದಿರ ಸಭೆ ಮುಗಿಯಿತು ಎಂದುಕೊಂಡವರು ಬಹಳ. ಮರುದಿನ ಆ ತಾಯಿ ಮಗುವಿಗೆ ಕೊಡುವುದು ಮತ್ತದೇ ತಿಳಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬಹುಪಾಲು ಮನೆಗಳಲ್ಲಿ ಅಕ್ಕಿ, ಬೇಳೆ, ಹಿತ್ತಿಲ ಸೊಪ್ಪು ಇದ್ದೇ ಇರುತ್ತದೆ. ಮಗುವಿನ ಬಾಯಿಗೆ ಹೋಗುವಾಗ ಅದು ನೀರಾಗಿರುತ್ತದೆ, ಅಷ್ಟೆ. ಅಂಗನವಾಡಿಯವರಾಗಲಿ, ಆಶಾ ಆಗಲಿ, ಸ್ತ್ರೀಶಕ್ತಿ ಸಂಘದವರಾಗಲಿ, ಒಂದು ಸಭೆಯಲ್ಲಿ ಒಂದನ್ನೇ ಕಲಿಸಿ: ಊಟ ಎಷ್ಟು ಗಟ್ಟಿ ಇರಬೇಕು ಎಂಬುದನ್ನು.

ನಾಟಿ ಹೊತ್ತಲ್ಲಿ ಸಭೆ ಇಡಬೇಡಿ. ಅಡಿಕೆ ಕೊಯ್ಲಿನ ಕಾಲವಾದರೆ ಸುಲಿಯುವ ಚಪ್ಪರಕ್ಕೇ ಹೋಗಿ. ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರು ಕೈ ಕೆಲಸ ಬಿಡದೆ ಕೇಳುತ್ತಾರೆ, ಕೇಳಬಾರದ್ದನ್ನೂ ಕೇಳುತ್ತಾರೆ. ಎಂಟು ಹತ್ತು ತಾಯಂದಿರು ಸಾಕು. ಅತ್ತೆಯಂದಿರನ್ನು ಬಿಟ್ಟು ಸಭೆ ಮಾಡಿದರೆ ಮಾಡದಂತೆಯೇ ಲೆಕ್ಕ, ಒಲೆಯ ಯಜಮಾನಿಕೆ ಅವರದ್ದು.

ಮಾತು ಶುರುವಾಗುವುದು ಪ್ರಶ್ನೆಯಿಂದ. ‘ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಪಾಪು ಎಂತೆಂತ ತಿಂತು ಹೇಳಿ ಅಕ್ಕ’ ಎಂದು ಕೇಳಿ. ‘ಸರಿಯಾಗಿ ಕೊಡ್ತೀರಾ’ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ‘ಹೂಂ ಅಕ್ಕೋರೆ’. ನಿನ್ನೆಯ ಲೆಕ್ಕ ತೆಗೆದಾಗಲೇ ಬೇಳೆಕಟ್ಟು, ಗಂಜಿತಿಳಿ, ಚಹಾದಲ್ಲಿ ಅದ್ದಿದ ಬಿಸ್ಕೆಟ್ ಹೊರಗೆ ಬರುವುದು. ಬೈಯಬೇಡಿ. ಬೈಸಿಕೊಂಡವಳು ಮುಂದಿನ ಸಲ ಬರುವುದಿಲ್ಲ.

ಇನ್ನು ಒಲೆ ಹಚ್ಚಿ. ಎಡವುವುದು ಇಲ್ಲೇ, ಹಾಗಾಗಿ ನಿಧಾನಿಸಿ.

ಎರಡು ಪಾತ್ರೆ ಇಡಿ. ಎರಡಕ್ಕೂ 200 ಮಿ.ಲೀ. ನೀರು. ಒಂದಕ್ಕೆ 10 ಗ್ರಾಂ ರಾಗಿ ಹಿಟ್ಟು, ಅಂದರೆ ದಿನಾ ನಡೆಯುವ ತೆಳು ‘ಸರಿ’ (ಮಗುವಿನ ರಾಗಿ ಗಂಜಿ). ಇನ್ನೊಂದಕ್ಕೆ 30 ಗ್ರಾಂ, ತುಂಬಿದ ಮೂರು ದೊಡ್ಡ ಚಮಚ. ಹಿಟ್ಟನ್ನು ತಣ್ಣೀರಲ್ಲಿ ಕದಡಿಯೇ ಒಲೆಗಿಡಬೇಕು. ಕುದಿಯುವ ನೀರಿಗೆ ಸುರಿದರೆ ಗಂಟು ಖಂಡಿತ. ಸಣ್ಣ ಉರಿ, ಕೈ ಬಿಡದೆ ಎಂಟು ಹತ್ತು ನಿಮಿಷ, ಹಸಿ ವಾಸನೆ ಹೋಗುವವರೆಗೆ. ಗಟ್ಟಿಯದಕ್ಕೆ ಕೊನೆಗೆ ಒಂದು ಸಣ್ಣ ಚಮಚ ತುಪ್ಪ ಅಥವಾ ಕೊಬ್ಬರಿ ಎಣ್ಣೆ.

ಈಗ ಲೆಕ್ಕ ಹೇಳಿ. ಏಳು ಕೆ.ಜಿ. ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಮಿ.ಲೀ. ಆರರಿಂದ ಎಂಟು ತಿಂಗಳಲ್ಲಿ ಎದೆಹಾಲಿನ ಜೊತೆಗೆ ದಿನಕ್ಕೆ ಇನ್ನೂ 200 ಕ್ಯಾಲರಿ ಊಟದಿಂದ ಬರಬೇಕು. ತೆಳು ಸರಿಯಲ್ಲಿರುವುದು ಮೂವತ್ತು ಚಿಲ್ಲರೆ. ಗಟ್ಟಿಯದರಲ್ಲಿ ತುಪ್ಪ ಸೇರಿ 140ರ ಹತ್ತಿರ. ಹೊಟ್ಟೆ ಎರಡರಲ್ಲೂ ತುಂಬುತ್ತದೆ, ಮಗು ಎರಡರಲ್ಲೂ ಸುಮ್ಮನಾಗುತ್ತದೆ.

ಚಮಚದ ಪರೀಕ್ಷೆಯನ್ನು ತಾಯಂದಿರ ಕೈಯಲ್ಲೇ ಮಾಡಿಸಿ. ಚಮಚ ತುಂಬಿ ಓರೆ ಮಾಡಿದಾಗ ಸರಿ ನಿಲ್ಲಬೇಕು, ಆಮೇಲೆ ಮೆಲ್ಲಗೆ ಜಾರಬೇಕು. ಸುರಿದರೆ ತೆಳು. ಪರೀಕ್ಷೆ ಉಗುರುಬೆಚ್ಚಗಾದ ಮೇಲೆ. ಒಲೆಯ ಮೇಲಿರುವಾಗ ಸರಿಯಾಗಿ ಕಂಡದ್ದು ತಣಿದಾಗ ಮುದ್ದೆಯಂತಾಗುತ್ತದೆ, ಮಗು ಉಗಿಯುತ್ತದೆ, ತಾಯಿ ಕೊಡದಿಂದ ಒಂದು ಲೋಟ ಹಸಿ ನೀರು ಹೊಯ್ಯುತ್ತಾಳೆ. ಮೊದಲಿಗಿಂತ ತೆಳು, ಮೇಲೆ ಕುದಿಸದ ನೀರು. ಮಳೆಗಾಲದ ಭೇದಿಗೆ ಬೇರೆ ದಾರಿ ಬೇಕಿಲ್ಲ.

ನೀರಿಲ್ಲದೆ ಮೆದು ಮಾಡಲು ಮೊಳಕೆ ರಾಗಿ ಹಿಟ್ಟಿದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆದು ಸರಿಯನ್ನು ಸಡಿಲಗೊಳಿಸುತ್ತದೆ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ಎರಡು ದಿನ ಬಿಟ್ಟು, ಒಣಗಿಸಿ, ಮೊಳಕೆ ಉಜ್ಜಿ ತೆಗೆದು ಬೀಸಿ. ಬಾಣಲೆಗೆ ಹಾಕಿದರೂ ಬರೀ ಬೆಚ್ಚಗಾಗಲಿ. ಕೆಂಪಗೆ ಹುರಿದರೆ ಘಮ ಉಳಿಯುತ್ತದೆ, ಕಿಣ್ವ ಸಾಯುತ್ತದೆ. ಗಟ್ಟಿ ಸರಿಯನ್ನು ಕೆಳಗಿಳಿಸಿ, ಕುದಿ ಆರಿದ ಮೇಲೆ, ಇನ್ನೂ ಚೆನ್ನಾಗಿ ಬಿಸಿ ಇರುವಾಗ, ಈ ಹಿಟ್ಟು ಒಂದು ಸಣ್ಣ ಚಮಚ ಹಾಕಿ ತಿರುವಿ. ಐದು ನಿಮಿಷದಲ್ಲಿ ಸಡಿಲವಾಗುತ್ತದೆ. ಮತ್ತೆ ಒಂದು ಕುದಿ ಬರಿಸಿ. ಹೀಗೆ ಸಡಿಲವಾದದ್ದಕ್ಕೆ ಚಮಚದ ಪರೀಕ್ಷೆ ಇಲ್ಲ, ಹಿಟ್ಟು ಮೂರು ಚಮಚವೇ ಇದೆಯಲ್ಲ. ಕುದಿಯುವಾಗಲೇ ಹಾಕಿ ‘ಏನೂ ಆಗಲಿಲ್ಲ’ ಎನ್ನುವವರೇ ಹೆಚ್ಚು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಮೊಳಕೆ ಒಣಗುವುದಿಲ್ಲ, ಬೂಸಲು ಬರುತ್ತದೆ. ಮೇ ತಿಂಗಳಲ್ಲೇ ಮಾಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬೂಸಲು ಕಂಡದ್ದನ್ನು ಹುರಿದು ಬಳಸುವ ಜಾಣತನ ಬೇಡ.

ವಸ್ತ್ರಗಾಳಿ ಹಿಟ್ಟು, ಅಂದರೆ ಬಟ್ಟೆಯಲ್ಲಿ ಸೋಸಿದ ನುಣ್ಣನೆ ಹಿಟ್ಟು, ಮೊದಲ ಕೆಲವು ವಾರಕ್ಕೆ ಸಾಕು. ಅದನ್ನೇ ವರ್ಷದವರೆಗೆ ಎಳೆಯಬೇಡಿ, ಸಿಪ್ಪೆಯ ಜೊತೆ ಸುಣ್ಣದ ಅಂಶ (ಕ್ಯಾಲ್ಸಿಯಂ), ಕಬ್ಬಿಣವೂ ಹೋಗುತ್ತದೆ. ಡಬ್ಬಿಯ ಮೇಲೆ ಗುಂಡು ಮಗುವಿನ ಚಿತ್ರವಿರುವ ಮಾಲ್ಟ್ ಪುಡಿಯ ದುಡ್ಡಿಗೆ ಮೊಟ್ಟೆ ತನ್ನಿ. ಮೊಟ್ಟೆ ಮುಟ್ಟದ ಮನೆಯಾದರೆ ಬೇಳೆಕಟ್ಟಲ್ಲ, ಅಡಿಯಲ್ಲಿ ಉಳಿಯುವ ಬೇಳೆ, ಮೊಸರು, ನುಣ್ಣಗೆ ಅರೆದ ನುಗ್ಗೆಸೊಪ್ಪು. ಕೆಸು ಇನ್ನೂ ಬೇಡ, ಗಂಟಲು ಕೆರೆಯುತ್ತದೆ. ಉಪ್ಪು, ಬೆಲ್ಲ ವರ್ಷದವರೆಗೆ ಬೇಡ. ಕಾಡಿನ ಜೇನು ಎಷ್ಟೇ ಶುದ್ಧವಿರಲಿ, ವರ್ಷದೊಳಗಿನ ಮಗುವಿನ ನಾಲಿಗೆಗೆ ಸವರಬಾರದು. ಅದರಲ್ಲಿರಬಹುದಾದ ಬೀಜಾಣು ಎಳೆಗರುಳಲ್ಲಿ ವಿಷ ಹುಟ್ಟಿಸುತ್ತದೆ.

ಉಳಿದದ್ದು ಸುಲಭ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಎರಡು ಮೂರು ಚಮಚದಿಂದ ಶುರುಮಾಡಿ ಅರ್ಧ ಬಟ್ಟಲಿಗೆ ಏರಿಸಿ, ದಿನಕ್ಕೆ ಎರಡು ಮೂರು ಸಲ. ಒಂಬತ್ತು ತಿಂಗಳಿಂದ ಮೂರು ನಾಲ್ಕು ಸಲ, ವರ್ಷದ ನಂತರ ಮುಕ್ಕಾಲರಿಂದ ಒಂದು ಬಟ್ಟಲು. ಬಟ್ಟಲು ಎಂದರೆ 250 ಮಿ.ಲೀ., ಕುಂಕುಮದ ಬಟ್ಟಲಲ್ಲ. ಎದೆಹಾಲು ಎರಡು ವರ್ಷದವರೆಗೂ ಇರಲಿ. ಮಗುವಿಗೆ ಬೇರೆ ತಟ್ಟೆ ಇಡಿಸಿ. ದೊಡ್ಡವರ ತಟ್ಟೆಯಲ್ಲಿ ಎಷ್ಟು ತಿಂದಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆರಡು ಸಲ, 1 ಮಿ.ಲೀ.

ಸಭೆ ಎಬ್ಬಿಸುವ ಮುನ್ನ ಮಗುವಿನ ತೋಳಿನ ಸುತ್ತಳತೆ ನೋಡುವ ಹಸಿರು, ಹಳದಿ, ಕೆಂಪು ಬಣ್ಣದ ಪಟ್ಟಿ ಹಾಕಿ ಅಳೆಯಿರಿ. ಎಡತೋಳು, ಭುಜದ ತುದಿ ಮತ್ತು ಮೊಣಕೈ ನಡುವಿನ ಮಧ್ಯಭಾಗ, ಕೈ ಸಡಿಲವಾಗಿ ಇಳಿಬಿದ್ದಿರಬೇಕು. ಚಳಿಗಾಲದಲ್ಲಿ ಸ್ವೆಟರ್ ಮೇಲೆಯೇ ಪಟ್ಟಿ ಸುತ್ತಿ ಹಸಿರು ಬಂತೆಂದು ಬರೆದುಕೊಳ್ಳುವವರಿದ್ದಾರೆ, ತೋಳಿನ ಬಟ್ಟೆ ಬಿಚ್ಚಿಸಿ. 12.5 ಸೆಂ.ಮೀ.ಗಿಂತ ಕಡಿಮೆಯಾದರೆ ಹಳದಿ, ಆ ಮನೆಗೆ ವಾರದೊಳಗೆ ಮತ್ತೆ ಹೋಗಿ ಚಮಚ ಓರೆ ಮಾಡಿಸಿ ನೋಡಿ. 11.5ಕ್ಕಿಂತ ಕಡಿಮೆಯಾದರೆ ಕೆಂಪು. ಆಗ ಸರಿ, ಮೊಳಕೆ ಎಂದು ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿ. ಎರಡೂ ಪಾದ ಊದಿ, ಹೆಬ್ಬೆರಳಲ್ಲಿ ಒತ್ತಿದ ಗುಳಿ ಹಾಗೇ ಉಳಿದರೆ ಪಟ್ಟಿಯಲ್ಲಿ ಯಾವ ಬಣ್ಣ ಬಂದರೂ ಅದೇ ದಿನ ಆಸ್ಪತ್ರೆಗೆ.